ಸಮಾಧಿಯುಂಟು, ಮಾನ್ಯತೆಯಿಲ್ಲ

ಕಳೆದ ವರ್ಷ ಊರಿನಿಂದ ಬಂದಿದ್ದ ಅಮ್ಮನೊಡನೆ ಒಂದು ಸಂಜೆ ಫ್ರೀಮಾಂಟ್ ನಗರದ ಮಿಷನ್ ಸ್ಯಾನ್ ಹೋಸೆ ಭಾಗದಲ್ಲಿ ನಡೆಯುತ್ತಿದ್ದೆ. ಒಳ್ಳೆಯ ಶಾಲೆಗಳಿವೆಯೆಂದು ನಮ್ಮವರು ತಲೆಯ ಮೇಲೆ ಸಾಲ ಹೊತ್ತು ಮನೆ ಕೊಳ್ಳುವ ಪ್ರದೇಶವದು. ವಾಷಿಂಗ್ಟನ್ ಬುಲೆವಾರ್ಡಿನ ಬದಿಯ ಸಣ್ಣ ಬಯಲಿನಲ್ಲಿದ್ದ ಸ್ಮಾರಕಶಿಲೆಯನ್ನು ಕಂಡು ಅಮ್ಮ ನಿಂತರು.

“ಇದು ರುದ್ರಭೂಮಿಯೇನಪ್ಪ? ಯಾರದು?”

“ಇಲ್ಲಿಯ ಮೂಲನಿವಾಸಿಗಳದಮ್ಮ, ಓಲೋನಿ ಜನರದು. ಸುಮಾರು 4,000 ಮಂದಿ ಇಲ್ಲಿದ್ದಾರೆಂದು ಕಲ್ಲಿನ ಮೇಲೆ ಬರೆದಿದೆ.”

“ಹಾಗಾದರೆ ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ?”

ಇಪ್ಪತ್ತು ವರ್ಷಗಳಿಂದ ಅದೇ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗಿಬರುವ ನನಗೆ ಉತ್ತರ ತಿಳಿದಿರಲಿಲ್ಲ. ಓದಿ ತಿಳಿದುಕೊಳ್ಳಬೇಕಾಯಿತು.

ಅವರಿದ್ದಾರೆ. ಮುವೆಕ್ಮಾ ಓಲೋನಿ ಬುಡಕಟ್ಟಿನವರು ಇದೇ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಬಾಳುತ್ತಿದ್ದಾರೆ. ಆದರೆ ಅಮೆರಿಕದ ಕೇಂದ್ರ ಸರ್ಕಾರದ ಕಡತಗಳಲ್ಲಿ ಅವರೊಂದು ಬುಡಕಟ್ಟೇ ಅಲ್ಲ!

1797ರಲ್ಲಿ ಸ್ಪೇನಿನ ಪಾದ್ರಿಗಳು ಇಲ್ಲಿ ಮಿಷನ್ ಸ್ಥಾಪಿಸಿದರು. ದೀಕ್ಷಾಸ್ನಾನ ಪಡೆದವರು ಅನುಮತಿಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. 1806ರಲ್ಲಿ ದಡಾರ ಬಂದಿತು. ಆ ಸೋಂಕನ್ನೇ ಅರಿಯದ ಜನರನ್ನು ಒತ್ತೊತ್ತಾಗಿ ಇರಿಸಿದರೆ ಆಗುವುದೇನೆಂಬುದನ್ನು ವೈದ್ಯನಾದ ನಾನು ವಿವರಿಸಬೇಕಿಲ್ಲ. 1834ರಿಂದ ಮೆಕ್ಸಿಕೋ ಸರ್ಕಾರ ಮಿಷನ್‌ಗಳ ಭೂಮಿಯನ್ನು ಹಂಚತೊಡಗಿದಾಗ ಮೂಲನಿವಾಸಿಗಳಿಗೂ ಪಾಲು ಸಲ್ಲಬೇಕಿತ್ತು. ಬಹುಪಾಲು ದೊಡ್ಡ ಜಮೀನ್ದಾರರ ಕೈಸೇರಿತು.

ಬಳಿಕ ಬಂದದ್ದು ಅಮೆರಿಕದ ಕಾನೂನು. 1850ರ ಕ್ಯಾಲಿಫೋರ್ನಿಯಾ ಕಾಯಿದೆಯೊಂದರ ಹೆಸರಿನಲ್ಲಿ ಇಂಡಿಯನ್ನರ ‘ರಕ್ಷಣೆ’ ಎಂಬ ಪದವಿದೆ. ಅದರ ಒಳಗಿರುವುದೇ ಬೇರೆ: ಅಲೆಮಾರಿಯೆಂದು ಹಿಡಿದ ಇಂಡಿಯನ್ನನನ್ನು ಹೆಚ್ಚು ಹಣ ಕೊಟ್ಟವನ ಬಳಿ ದುಡಿಯಲು ಹರಾಜು ಹಾಕಬಹುದಿತ್ತು, ಅವನ ಸಾಕ್ಷ್ಯದ ಮೇಲೆ ಬಿಳಿಯನಿಗೆ ಶಿಕ್ಷೆ ವಿಧಿಸುವಂತಿರಲಿಲ್ಲ. ಮರುವರ್ಷದ ಭೂಕಾಯಿದೆಯು ಹಳೆಯ ಹಕ್ಕುಗಳನ್ನು 2 ವರ್ಷದೊಳಗೆ ಆಯೋಗದ ಮುಂದೆ ಮಂಡಿಸಬೇಕೆಂದಿತು. ಮಂಡಿಸದವರ ನೆಲ ಸರ್ಕಾರದ್ದಾಯಿತು. ಹರಾಜಿಗೆ ಹೆದರಿ ಅಡಗಿದ್ದವರು ಅರ್ಜಿ ಬರೆದುಕೊಂಡು ಹೋಗುತ್ತಾರೆಯೆ? ಇತ್ತ ಕ್ಯಾಲಿಫೋರ್ನಿಯಾದ ಬುಡಕಟ್ಟುಗಳೊಡನೆ 1851–52ರಲ್ಲಿ ಮಾಡಿಕೊಂಡ 18 ಒಪ್ಪಂದಗಳನ್ನು ಸೆನೆಟ್ ಗುಪ್ತಸಭೆಯಲ್ಲಿ ತಿರಸ್ಕರಿಸಿತು. ಆ ಸಂಗತಿ 1905ರವರೆಗೂ ಬಯಲಾಗಲಿಲ್ಲ.

ಇಷ್ಟಾದರೂ ಪ್ಲೆಸಂಟನ್, ಸುನೋಲ್ ಬಳಿ ಕೆಲವು ಕುಟುಂಬಗಳು ಉಳಿದುಕೊಂಡವು. ಸಮೀಪದ ರೈಲು ನಿಲ್ದಾಣದ ಹೆಸರಿನಿಂದ ಸರ್ಕಾರವೇ ಅವರನ್ನು ‘ವೆರೋನಾ ಬ್ಯಾಂಡ್’ ಎಂದು ಗುರುತಿಸಿತ್ತು. 1925ರಲ್ಲಿ ಬರ್ಕ್ಲಿಯ ಪ್ರಸಿದ್ಧ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಈ ಜನಾಂಗ ಅಳಿದುಹೋದಂತೆಯೇ ಸರಿ ಎಂಬರ್ಥದಲ್ಲಿ ಬರೆದರು. 1927ರಲ್ಲಿ ಡೊರಿಂಗ್ಟನ್ ಎಂಬ ಅಧಿಕಾರಿ ಇವರಿಗೆ ಭೂಮಿ ಕೊಡಬೇಕಾಗಿಲ್ಲವೆಂದು ವರದಿ ಕಳುಹಿಸಿದರು. ಮಾನ್ಯತೆಯನ್ನು ರದ್ದುಪಡಿಸುವ ಕಾಯಿದೆಯನ್ನು ಸಂಸತ್ತು ಮಾಡಲೇ ಇಲ್ಲ. ಹೆಸರು ಕಡತದಿಂದ ಜಾರಿಹೋಯಿತು, ಅಷ್ಟೆ.

1989ರಲ್ಲಿ ಬುಡಕಟ್ಟು ಮತ್ತೆ ಮಾನ್ಯತೆ ಕೋರಿತು. 2002ರಲ್ಲಿ ಒಳಾಡಳಿತ ಇಲಾಖೆ ನಿರಾಕರಿಸಿತು. ಹಿಂದೆ ಮಾನ್ಯತೆಯಿದ್ದುದನ್ನು ಇಲಾಖೆಯೂ ಒಪ್ಪಿತ್ತು. ಆದರೆ 1927ರ ಬಳಿಕ ಹೊರಗಿನವರು ಇವರನ್ನು ಇಂಡಿಯನ್ ಸಮುದಾಯವೆಂದು ನಿರಂತರವಾಗಿ ಗುರುತಿಸಿದ್ದಕ್ಕೆ ಪುರಾವೆ ಸಾಲದು ಎಂಬುದು ಒಂದು ಮುಖ್ಯ ಆಕ್ಷೇಪಣೆ. ಅಳಿದುಹೋದರೆಂದು ವಿದ್ವಾಂಸರೇ ಬರೆದ ಮೇಲೆ ಹೊರಗಿನವರು ಯಾರನ್ನು ಗುರುತಿಸಬೇಕಿತ್ತೋ! 2013ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇಲಾಖೆಯ ನಿರ್ಧಾರವನ್ನೇ ಎತ್ತಿಹಿಡಿಯಿತು. ಗ್ರೀನ್ ಕಾರ್ಡಿಗಾಗಿ ಹತ್ತಾರು ವರ್ಷ ಕಾಯುವ ನಮಗೆ ಕಾಗದದ ಮಹಿಮೆ ಹೊಸದಲ್ಲ; ಆದರೆ ನಾವು ಸಲ್ಲಿಸುವುದು ನಮ್ಮದೇ ಕಾಗದ. ಇವರು ತಮ್ಮನ್ನು ಮರೆತವರ ಕಾಗದವನ್ನು ತರಬೇಕು.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿತು. ಸುನೋಲ್ ಸಮೀಪದ ಉತ್ಖನನಗಳಲ್ಲಿ ದೊರೆತ, ಸುಮಾರು 2,000 ವರ್ಷಗಳಷ್ಟು ಹಳೆಯ ಅಸ್ಥಿಗಳ ಡಿಎನ್‌ಎಗೂ ಇಂದಿನ ಮುವೆಕ್ಮಾ ಸದಸ್ಯರ ಡಿಎನ್‌ಎಗೂ ನಂಟಿರುವುದು ಅದರಲ್ಲಿ ಕಂಡುಬಂದಿತು. ರಕ್ತವೇ ನುಡಿದರೂ ಕಡತ ಬದಲಾಗಲಿಲ್ಲ. ವಸ್ತುಸಂಗ್ರಹಾಲಯಗಳಲ್ಲಿರುವ ಪೂರ್ವಜರ ಅಸ್ಥಿಗಳನ್ನು ಹಿಂದಿರುಗಿಸುವ 1990ರ ಕಾಯಿದೆ ಬುಡಕಟ್ಟುಗಳ ಪೈಕಿ ನೇರ ಹಕ್ಕು ಕೊಡುವುದು ಮಾನ್ಯತೆ ಪಡೆದವುಗಳಿಗೆ ಮಾತ್ರ. ಎಂಬಿಬಿಎಸ್ ಮೊದಲ ವರ್ಷ ನನ್ನ ಹಾಸ್ಟೆಲ್ ಮಂಚದ ಕೆಳಗೂ ಒಂದು ‘ಬೋನ್ ಸೆಟ್’ ಇತ್ತು. ಅದು ಯಾರದೆಂದು ನಾನೂ ಕೇಳಿದವನಲ್ಲ.

ಇದನ್ನು ಅಮೆರಿಕದ ಕಥೆಯೆಂದು ಬದಿಗಿಡುವಂತಿಲ್ಲ. ನಮ್ಮಲ್ಲಿಯೂ ಬ್ರಿಟಿಷರ ಅರಣ್ಯ ಕಾಯಿದೆಗಳು ಕಾಡಿನ ಮಕ್ಕಳನ್ನು ಅತಿಕ್ರಮಣಕಾರರನ್ನಾಗಿಸಿದವು. ಒಂದು ವಿಷಯದಲ್ಲಿ ಮಾತ್ರ ನಮ್ಮ 2006ರ ಅರಣ್ಯ ಹಕ್ಕು ಕಾಯಿದೆ ಮುಂದಿದೆ: ಅದರ ನಿಯಮಗಳ ಪ್ರಕಾರ ಹಿರಿಯರ ಹೇಳಿಕೆ, ಬಾವಿ, ಸಮಾಧಿ, ದೈವದ ತಾಣಗಳೂ ಸಾಕ್ಷ್ಯವಾಗುತ್ತವೆ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಆದರೆ ನಾಗರಹೊಳೆಯ ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದಾಗ ಎದುರಾದದ್ದು ಅದೇ ಹಳೆಯ ಪ್ರಶ್ನೆ: ದಾಖಲೆ ಎಲ್ಲಿ?

ಅಮ್ಮ ಊರಿಗೆ ಮರಳಿದ ಮೇಲೂ ಫೋನಿನಲ್ಲಿ ಕೇಳುತ್ತಿರುತ್ತಾರೆ, “ಆ ಜನಕ್ಕೆ ಏನಾದರೂ ಆಯಿತೇನಪ್ಪ?” 2024ರ ಆಗಸ್ಟ್‌ನಲ್ಲಿ ಮುವೆಕ್ಮಾ ಜನ ಸ್ಯಾನ್ ಫ್ರಾನ್ಸಿಸ್ಕೋದಿಂದ ಕುದುರೆಗಳೊಡನೆ ಹೊರಟು ಅಕ್ಟೋಬರ್‌ನಲ್ಲಿ ರಾಜಧಾನಿ ವಾಷಿಂಗ್ಟನ್ ತಲುಪಿ ಮಾನ್ಯತೆ ಕೇಳಿದರೆಂದು ಹೇಳಿದೆ. ಅಷ್ಟು ದೂರವೇ ಎಂದು ಅಚ್ಚರಿಪಟ್ಟರು. ಸಿಕ್ಕಿತೇ ಎಂದು ಕೇಳಿದರು. ಇನ್ನೂ ಇಲ್ಲವೆಂದೆ.