ಓಟು ನಮ್ಮದು, ಸೀಟಿನ ಲೆಕ್ಕ ಯಾರದ್ದು?

2018ರ ಕರ್ನಾಟಕ ವಿಧಾನಸಭಾ ಚುನಾವಣೆ ನೆನಪಿದೆಯಾ? ಕಾಂಗ್ರೆಸ್‌ಗೆ ಸುಮಾರು ಶೇ 38ರಷ್ಟು ಮತ ಬಂತು, ಬಿಜೆಪಿಗೆ ಶೇ 36. ಆದರೆ ಸೀಟು ನೋಡಿ: ಬಿಜೆಪಿಗೆ 104, ಕಾಂಗ್ರೆಸ್‌ಗೆ 80. ಹೆಚ್ಚು ಜನ ಓಟು ಹಾಕಿದ ಪಕ್ಷಕ್ಕೆ ಕಡಿಮೆ ಸೀಟು. ಇದರಲ್ಲಿ ಎಣಿಕೆಯ ತಪ್ಪೇನೂ ಇಲ್ಲ. ನಿಯಮ ಇರೋದೇ ಹಾಗೆ.

ಮೊದಲು ಪದ ಬಿಡಿಸೋಣ. ಸಾರ್ವತ್ರಿಕ ಚುನಾವಣೆ ಅಂದ್ರೆ ಲೋಕಸಭೆಯದ್ದು ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದು ಸದನದ ಎಲ್ಲ ಸ್ಥಾನಗಳನ್ನೂ ಹೊಸದಾಗಿ ತುಂಬಲು ಒಟ್ಟಿಗೆ ನಡೆಯೋದು ಸಾರ್ವತ್ರಿಕ ಚುನಾವಣೆ, ನಡುವೆ ಖಾಲಿಯಾದ ಸ್ಥಾನಕ್ಕೆ ನಡೆಯೋದು ಉಪಚುನಾವಣೆ. ಆ ಅರ್ಥದಲ್ಲಿ ವಿಧಾನಸಭೆಯದ್ದೂ ಸಾರ್ವತ್ರಿಕ ಚುನಾವಣೆಯೇ.

ಓಟು ಹಾಕುವ ಕೆಲಸ ಎಲ್ಲ ದೇಶಗಳಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಬೇರೆಯಾಗೋದು ಓಟನ್ನು ಸೀಟಾಗಿ ಬದಲಿಸುವ ಸೂತ್ರ. ನಮ್ಮಲ್ಲಿ, ಬ್ರಿಟನ್ನಿನಲ್ಲಿ ಕ್ಷೇತ್ರಕ್ಕೊಬ್ಬ ಗೆಲ್ಲುತ್ತಾನೆ. ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದವರಿಗಿಂತ ಒಂದು ಹೆಚ್ಚಿದ್ದರೆ ಸಾಕು. ನೂರು ಮತಗಳು 34, 33, 33 ಅಂತ ಹಂಚಿಹೋದರೆ 34 ಪಡೆದವರೇ ಎಂಪಿ. ಉಳಿದ 66 ಮತಗಳು ಅಲ್ಲಿಗೇ ಮುಗಿದವು.

ಇದನ್ನೇ ಇಡೀ ದೇಶಕ್ಕೆ ಹಿಗ್ಗಿಸಿ. 2014ರಲ್ಲಿ ಬಿಜೆಪಿ ಶೇ 31ರಷ್ಟು ಮತ ಪಡೆದು 282 ಸ್ಥಾನ ಗೆದ್ದಿತು. ಶೇ 4ಕ್ಕಿಂತ ಹೆಚ್ಚು ಮತ ಪಡೆದ ಬಿಎಸ್‌ಪಿಗೆ ಸಿಕ್ಕಿದ್ದು ಸೊನ್ನೆ. 2024ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ ಸುಮಾರು ಶೇ 34 ಮತದಲ್ಲಿ 650ರ ಸದನದ 400ಕ್ಕೂ ಹೆಚ್ಚು ಸ್ಥಾನ ಬಾಚಿಕೊಂಡಿತು. ಶೇ 14 ಮತ ಪಡೆದ ರಿಫಾರ್ಮ್ ಯುಕೆಗೆ ಐದೇ ಸೀಟು. ಶೇ 12 ಪಡೆದ ಲಿಬರಲ್ ಡೆಮಾಕ್ರಾಟ್‌ಗಳಿಗೆ 72! ಮತ ಎಷ್ಟು ಅನ್ನೋದರಷ್ಟೇ, ಅದು ಎಲ್ಲಿ ಗುಡ್ಡೆಯಾಗಿದೆ ಅನ್ನೋದೂ ಇಲ್ಲಿ ಮುಖ್ಯ.

ಇನ್ನೊಂದು ಸೂತ್ರ ಅನುಪಾತದ್ದು: ಮತ ಎಷ್ಟೋ, ಸೀಟಿನ ಪಾಲೂ ಸುಮಾರಾಗಿ ಅಷ್ಟೇ. ಇಸ್ರೇಲಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ, 120 ಸೀಟು. ಜರ್ಮನಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಸದನದಲ್ಲಿ ಪಕ್ಷದ ಬಲ ನಿರ್ಧರಿಸೋದು ಎರಡನೆಯದ್ದು.

ಹಾಗಂತ ಇದು ನೂರಕ್ಕೆ ನೂರು ನ್ಯಾಯವೂ ಅಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ ಶೇ 5 ದಾಟದ ಪಕ್ಷ ಹೊರಗೇ. 2025ರಲ್ಲಿ ಬಿಎಸ್‌ಡಬ್ಲ್ಯು ಎಂಬ ಪಕ್ಷ ಶೇ 4.98ಕ್ಕೆ ನಿಂತು ಒಂದೂ ಸೀಟಿಲ್ಲದೆ ಹೋಯಿತು. ಇಸ್ರೇಲಿನಲ್ಲಿ ಯಾವ ಒಂದು ಪಕ್ಷಕ್ಕೂ ಇದುವರೆಗೆ ಸ್ವಂತ ಬಹುಮತ ಬಂದಿಲ್ಲ. 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಅಲ್ಲಿನವರು ಐದು ಸಲ ಮತಗಟ್ಟೆಗೆ ಹೋಗಬೇಕಾಯಿತು.

ಹಾಗಾದರೆ ನಿಯಮ ಬದಲಿಸೋಕೆ ಆಗುತ್ತಾ? ನ್ಯೂಜಿಲೆಂಡ್ ಬದಲಿಸಿದೆ. ಅಲ್ಲೂ ನಮ್ಮದೇ ಪದ್ಧತಿಯಿತ್ತು. 1978 ಮತ್ತು 1981ರಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಂದರೂ ಹೆಚ್ಚು ಸೀಟು ಗೆದ್ದು ಸರ್ಕಾರ ಮಾಡಿದ್ದು ನ್ಯಾಷನಲ್ ಪಕ್ಷ. ಅಸಮಾಧಾನ ಬೆಳೆಯಿತು. 1993ರ ಜನಮತಗಣನೆಯಲ್ಲಿ ಸುಮಾರು ಶೇ 54 ಜನ ಜರ್ಮನಿ ಮಾದರಿಯ ಮಿಶ್ರ ಪದ್ಧತಿ ಬೇಕು ಅಂದರು. 1996ರಿಂದ ಅದೇ ನಡೆಯುತ್ತಿದೆ.

ನಮ್ಮ ಸಂವಿಧಾನ ಸಭೆಯಲ್ಲೂ ಅನುಪಾತ ಪದ್ಧತಿಯ ಬೇಡಿಕೆ ಬಂದಿತ್ತು. ಸಾಕ್ಷರತೆ ತೀರಾ ಕಡಿಮೆ, ಹೊಸ ದೇಶಕ್ಕೆ ಸ್ಥಿರ ಸರ್ಕಾರ ಬೇಕು ಅಂತ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮೊದಲನೆಯ ಕಾರಣ ಈಗ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಎರಡನೆಯದ್ದರ ಬಗ್ಗೆ ವಾದ ಮಾಡಬಹುದು, ಮಾಡಲೇಬೇಕು. ಕುತೂಹಲದ ಸಂಗತಿಯೆಂದರೆ ರಾಜ್ಯಸಭೆಗೆ ಓಟು ಹಾಕುವಾಗ ನಮ್ಮ ಶಾಸಕರು 1, 2, 3 ಅಂತ ಆದ್ಯತೆ ಬರೆಯುತ್ತಾರೆ. ಅದು ಅನುಪಾತ ಪದ್ಧತಿಯೇ. ಅವರಿಗೆ ಇರುವ ಈ ಸೌಲಭ್ಯ ನಮಗಿಲ್ಲ.

ಮುಂದಿನ ಸಲ ಟಿವಿಯಲ್ಲಿ ‘ಜನಾದೇಶ’ ಅಂತ ಕೂಗುವಾಗ ಸೀಟಿನ ಪಕ್ಕದಲ್ಲೇ ಮತದ ಶೇಕಡಾವಾರನ್ನೂ ನೋಡಿ. ನಿಮ್ಮ ಪಕ್ಷ ಗೆದ್ದಾಗಲೂ ನೋಡಿ. ಸೋತಾಗ ಮಾತ್ರ ನಿಯಮವನ್ನು ಬೈಯುವವರಿಂದ ನಿಯಮ ಬದಲಾಗೋದಿಲ್ಲ.