ಆ ತಂದೆಯನ್ನು ಯಾರು ವಿಚಾರಿಸುತ್ತಾರೆ?

ನನ್ನ ತಮ್ಮನಿಗೆ ಆಟಿಸಂ ಇದೆ. ಮನೆಗೆ ಬಂದವರು ಅವನನ್ನು ಮಾತನಾಡಿಸುತ್ತಾರೆ, ಅಮ್ಮಿಗೆ ಸಮಾಧಾನ ಹೇಳುತ್ತಾರೆ. ಅಬ್ಬಾನನ್ನು ಕೇಳುವುದು ಒಂದೇ: “ಥೆರಪಿಗೆ ತಿಂಗಳಿಗೆ ಎಷ್ಟು ಖರ್ಚು?” ಖರ್ಚು ಹೊರುವವರಿಗೂ ಒಂದು ಮನಸ್ಸಿದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಆಟಿಸಂ ಅಂಟುವ ಕಾಯಿಲೆಯಲ್ಲ, ಮೆದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಮಾತು, ಬೇರೆಯವರೊಡನೆ ಬೆರೆಯುವುದು, ಶಬ್ದ-ಬೆಳಕನ್ನು ತಾಳಿಕೊಳ್ಳುವುದು ಒಂದೊಂದು ಮಗುವಿನಲ್ಲೂ ಒಂದೊಂದು ರೀತಿ. ಹೆತ್ತವರು ಬೆಳೆಸಿದ ರೀತಿ ಇದಕ್ಕೆ ಕಾರಣವಲ್ಲ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಹಿಂದೆ ಕೆಲವು ತಜ್ಞರೇ ಹೇಳುತ್ತಿದ್ದರು. ಅದನ್ನು 1964ರಲ್ಲಿ ಪುಸ್ತಕ ಬರೆದು ಅಲ್ಲಗಳೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್. ಅವರೂ ಆಟಿಸಂ ಇದ್ದ ಮಗುವಿನ ತಂದೆ. ಮರುವರ್ಷ ಅವರು ಬೇರೆ ಹೆತ್ತವರೊಂದಿಗೆ ಸೇರಿ ಒಂದು ಸಂಘಟನೆಯನ್ನೂ ಕಟ್ಟಿದರು.

ನಮ್ಮಲ್ಲಿ ಗಂಡಸು ಅಳಬಾರದು ಎಂಬ ಮಾತಿದೆ. ಹಾಗಾಗಿ ಎಷ್ಟೋ ತಂದೆಯಂದಿರು ಮೌನವಾಗುತ್ತಾರೆ. ಮಗು ಕಿರುಚಿದರೆ ಜನ ನೋಡುತ್ತಾರೆಂದು ಮದುವೆ, ಔತಣಗಳಿಗೆ ಹೋಗುವುದು ಕಡಿಮೆಯಾಗುತ್ತದೆ, ಗೆಳೆಯರು ದೂರವಾಗುತ್ತಾರೆ. ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಒಂದೇ: “ನಾನು ಹೋದ ಮೇಲೆ ಇವನಿಗೆ ಯಾರು?” ಅಬ್ಬಾ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ನನ್ನ ಓದಿನ ವಿಷಯ ಬಂದಾಗಲೆಲ್ಲ ಆ ಪ್ರಶ್ನೆ ನಮ್ಮಿಬ್ಬರ ನಡುವೆ ಕೂತಿರುತ್ತದೆ.

ಇಂಥವರಿಗೆ ಆಸರೆ ಎಂದರೆ ಏನು?

ಮೊದಲನೆಯದು ಜೊತೆ. ಇದೇ ದಾರಿಯಲ್ಲಿರುವ ಇನ್ನೊಬ್ಬ ತಂದೆಯ ಮುಂದೆ ಏನನ್ನೂ ವಿವರಿಸಬೇಕಾಗಿಲ್ಲ. ಥೆರಪಿ ಕೇಂದ್ರದಲ್ಲಿ ಕಾಯುತ್ತಾ ಕೂರುವ ತಂದೆಯಂದಿರು ತಿಂಗಳಿಗೊಮ್ಮೆ ಚಹಾಕ್ಕೆ ಸೇರಿದರೂ ಅದು ದೊಡ್ಡ ನೆರವು.

ಎರಡನೆಯದು ಬಿಡುವು. ಮಗುವಿಗೆ ಪರಿಚಯವಿರುವ ನೆಂಟರೊಬ್ಬರು ವಾರಕ್ಕೆರಡು ಗಂಟೆ ನೋಡಿಕೊಂಡರೆ ತಂದೆತಾಯಿ ಉಸಿರಾಡುತ್ತಾರೆ.

ಮೂರನೆಯದು ಮಾಹಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಯುಡಿಐಡಿ ಕಾರ್ಡ್ ಪಡೆಯಬಹುದು. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅವಕಾಶವಿದೆ. ‘ನಾನು ಹೋದ ಮೇಲೆ’ ಎಂಬ ಭಯಕ್ಕೆ ಇದು ಪೂರ್ತಿ ಉತ್ತರವಲ್ಲ, ಆದರೆ ಒಂದು ಆರಂಭ.

ನಾಲ್ಕನೆಯದು ಮನಸ್ಸಿನ ಆರೈಕೆ. ನಿದ್ದೆ ಬಾರದಿದ್ದರೆ, ಸಿಟ್ಟು ಹಿಡಿತ ತಪ್ಪಿದರೆ, ಬದುಕು ಬೇಡವೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.

ಸ್ನೇಹಿತರೇ, ನಿಮ್ಮ ಬೀದಿಯಲ್ಲೂ ಇಂಥ ಮನೆಯಿರಬಹುದು. “ಯಾರದೋ ದೃಷ್ಟಿ ತಾಗಿದೆ”, “ಇಂಥ ಔಷಧಿ ಕೊಡಿ” ಎನ್ನುವ ಉಪದೇಶ ಬೇಡ. ಔತಣಕ್ಕೆ ಮಗುವನ್ನೂ ಸೇರಿಸಿ ಕರೆಯಿರಿ, ಸದ್ದಿಲ್ಲದ ಒಂದು ಕೋಣೆ ಬಿಟ್ಟುಕೊಡಿ. ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬಿಕೊಡುವುದು ನಮ್ಮ ವಯಸ್ಸಿನವರಿಗೆ ಹತ್ತು ನಿಮಿಷದ ಕೆಲಸ. ಕೂಲಿ ಬಿಟ್ಟು ಸೈಬರ್ ಸೆಂಟರ್‌ಗೆ ಅಲೆಯುವ ತಂದೆಗೆ ಅದು ಒಂದು ದಿನದ ದುಡಿಮೆ.