ಬಾರದೇ ಹೋದ ವಿಂಡೋಸ್

ಫೋಲ್ಡರ್ ಹುಡುಕುವ ಗೋಜೇ ಇಲ್ಲದ ಕಂಪ್ಯೂಟರ್ ಹೇಗಿದ್ದೀತು?
ಇಪ್ಪತ್ತು ವರ್ಷಗಳ ಹಿಂದೆಯೇ ಮೈಕ್ರೋಸಾಫ್ಟ್ ಅಂಥ ವಿಂಡೋಸ್ ಒಂದನ್ನು ಕಟ್ಟಲು ಹೊರಟಿತ್ತು.

ಅದರ ಗುಟ್ಟಿನ ಹೆಸರು ಲಾಂಗ್‌ಹಾರ್ನ್.
ಕೆನಡಾದ ವಿಸ್ಲರ್ ಎಂಬ ಹಿಮಬೆಟ್ಟದ ಊರಲ್ಲಿರುವ ಬಾರ್ ಒಂದರ ಹೆಸರದು.

2003ರ ಅಕ್ಟೋಬರ್, ಲಾಸ್ ಏಂಜಲಿಸ್.
ಡೆವಲಪರ್‌ಗಳ ಎದುರು ಪರದೆ ಬೆಳಗಿತು.
ಬಲಬದಿಯಲ್ಲಿ ಉದ್ದನೆಯ ಪಟ್ಟಿ.
ಅದರ ಮೇಲೊಂದು ದುಂಡನೆಯ ಗಡಿಯಾರ.
ನಿಜವಾದ ಕನಸು ಇದ್ದದ್ದು ಒಳಗೆ: ವಿನ್‌ಎಫ್‌ಎಸ್.
ಫೈಲ್ ಎಲ್ಲಿಟ್ಟಿರಿ ಎಂದು ನೀವು ನೆನಪಿಡಬೇಕಿಲ್ಲ.
ಯಾರು ಕಳಿಸಿದ್ದು, ಯಾವಾಗಿನದು ಅಂದರೆ ಸಾಕು,
ಅದೇ ಹುಡುಕಿ ಕೊಡಬೇಕು.
ಎಂಥ ಚೆಂದದ ಯೋಚನೆ!

ಆದರೆ ಕಟ್ಟುತ್ತಿದ್ದ ರೀತಿ?
ಪಾಯ ಗಟ್ಟಿಯಾಗುವ ಮೊದಲೇ ಮಹಡಿ ಮೇಲೆ ಮಹಡಿ ಏರಿಸಿದ ಮನೆಯ ಹಾಗೆ.
ಇಲ್ಲೊಂದು ಗೋಡೆ ಮುಟ್ಟಿದರೆ, ಅಲ್ಲೊಂದು ಬಿರುಕು.

2004ರ ಆಗಸ್ಟ್‌ನಲ್ಲಿ ಕೆಲಸ ನಿಂತು, ಮತ್ತೆ ಶುರುವಾಯಿತು.
ಈ ಸಲ ಪಾಯ, ವಿಂಡೋಸ್ ಸರ್ವರ್ 2003ರ ಗಟ್ಟಿ ಕೋಡ್.
ವಿನ್‌ಎಫ್‌ಎಸ್ ಯೋಜನೆಯಿಂದ ಹೊರಬಿತ್ತು.
ನೋವಿನ ತೀರ್ಮಾನ, ಆದರೆ ಸರಿಯಾದದ್ದೇ.

2007ರ ಜನವರಿ 30ರಂದು ಲಾಂಗ್‌ಹಾರ್ನ್ ಅಂಗಡಿಗೆ ಬಂತು, ವಿಸ್ಟಾ ಎಂಬ ಹೆಸರಲ್ಲಿ.
ಬಲಬದಿಯ ಗಡಿಯಾರ ಉಳಿದಿತ್ತು.
ವಿನ್‌ಎಫ್‌ಎಸ್ ಮಾತ್ರ ವಿಂಡೋಸ್‌ನೊಳಗೆ ಬರಲೇ ಇಲ್ಲ.